ಬ್ರಿಟನ್ ಕಾರಿಗೆ ಸುಂಕ ಇಳಿದರೆ ಬಿಡದಿಗೆ ಏನಾಗುತ್ತೆ?

ರಾಮನಗರ_ಲೋಕಲ್
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಕೊನೇ ವರ್ಷದಲ್ಲಿದ್ದಾನೆ. ನಮ್ಮ ಕಡೆ ಡಿಪ್ಲೊಮಾ ಮುಗಿಸಿದ ಹುಡುಗರಿಗೆ ಮೊದಲು ನೆನಪಾಗುವುದೇ ಬಿಡದಿಯ ಟೊಯೋಟಾ ಕಾರ್ಖಾನೆ. ಆದರೆ ಈಗ ಮನೆಯಲ್ಲಿ ಊಟಕ್ಕೆ ಕೂತರೆ ಒಂದೇ ಜಗಳ. 2025ರ ಜುಲೈ 24ಕ್ಕೆ ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತಲ್ಲ, ಕಾರಿನ ಸುಂಕ ನೂರು ಚಿಲ್ಲರೆಯಿಂದ ಶೇ. 10ಕ್ಕೆ ಇಳಿಯುತ್ತೆ ಅಂತ. ಅಪ್ಪ ಅದನ್ನು ಹಿಡಿದುಕೊಂಡು ಕೂತಿದ್ದಾರೆ. "ಹೊರಗಿನ ಕಾರು ಅಗ್ಗವಾದರೆ ಇಲ್ಲಿ ಯಾರು ಮಾಡ್ತಾರೆ? ಇವನು ಬೇರೆ ದಾರಿ ನೋಡಿಕೊಳ್ಳಲಿ" ಅನ್ನುತ್ತಾರೆ. ತಮ್ಮನಿಗೆ ಕಂಪ್ಯೂಟರ್ ಕೋರ್ಸ್ ಮಾಡಿ ಬೆಂಗಳೂರಿನ ದೊಡ್ಡ ಕಾರ್ ಕಂಪನಿಗಳ ಆಫೀಸು ಸೇರುವ ಆಸೆ. ಕಾರ್ಖಾನೆಯ ಜೋಡಣೆ ಲೈನ್ ಕೆಲಸ ಬೇಡವಂತೆ.

ಈ ಕ್ಷೇತ್ರದಲ್ಲಿ ಇರುವವರು ಸ್ವಲ್ಪ ತಿಳಿಸಿ. ಸುಂಕ ಇಳಿದರೆ ನಿಜವಾಗಲೂ ಕೆಲಸ ಹೋಗುತ್ತಾ?

ಸುಂಕದಕಟ್ಟೆ
ನಾನು ಕಸ್ಟಮ್ಸ್ ಕ್ಲಿಯರಿಂಗ್ ಕೆಲಸದಲ್ಲಿ ಇರುವವನು. (ಮನೆ ಇರುವುದೂ ಸುಂಕದಕಟ್ಟೆಯಲ್ಲೇ, ನಗಬೇಡಿ.)

ಮೊದಲು ಅಪ್ಪನಿಗೆ ಒಂದು ವಿಷಯ ಹೇಳಿ. ಶೇ. 10 ಅನ್ನುವುದು ಎಲ್ಲ ಕಾರಿಗೂ ಅಲ್ಲ. ವರ್ಷಕ್ಕೆ ಇಷ್ಟೇ ಕಾರು ಅಂತ ಕೋಟಾ ಇದೆ, ಸುಂಕ ಇಳಿಯುವುದೂ ಹಂತ ಹಂತವಾಗಿ. ಮೊದಲ ಐದು ವರ್ಷ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್‌ಗೆ ರಿಯಾಯಿತಿಯೇ ಇಲ್ಲ. ಲಾಭ ಆಗುವುದು ಕೋಟಿ ಬೆಲೆಯ ದೊಡ್ಡ ಇಂಜಿನ್ ಕಾರುಗಳಿಗೆ. ರೇಂಜ್ ರೋವರ್ ಕೊಳ್ಳುವವನು ಇನೋವಾ ಕ್ಯಾನ್ಸಲ್ ಮಾಡಿ ಅಲ್ಲಿಗೆ ಹೋಗುತ್ತಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಆ ರೇಂಜ್ ರೋವರ್ ಮಾಡುವ ಕಂಪನಿ 2008ರಿಂದ ಟಾಟಾದವರದ್ದು. ಅಂದರೆ "ವಿದೇಶಿ ಕಾರು" ಬಂದರೂ ಮಾಲೀಕ ಮುಂಬೈಯಲ್ಲಿ. ಅದೇ ಕಂಪನಿಯ ಡಿಫೆಂಡರ್ ತಯಾರಾಗುವುದು ಸ್ಲೊವಾಕಿಯಾದ ನಿತ್ರಾದಲ್ಲಿ. ಬ್ರಿಟನ್ ಒಪ್ಪಂದದ ರಿಯಾಯಿತಿ ಅದಕ್ಕೆ ಸಿಗುವುದಿಲ್ಲ. ಬ್ರ್ಯಾಂಡ್ ಒಂದೇ, ಷೋರೂಮ್ ಒಂದೇ, ಸುಂಕ ಬೇರೆ. ನಮ್ಮ ಕೆಲಸದಲ್ಲಿ ಕಾರು ಯಾವ ಊರಿನ ಗೇಟಿಂದ ಹೊರಟಿತು ಅನ್ನುವುದೇ ಲೆಕ್ಕ. ಬಾನೆಟ್ ಮೇಲಿನ ಹೆಸರು ಯಾರೂ ಕೇಳುವುದಿಲ್ಲ.

ರಾಮನಗರ_ಲೋಕಲ್
ಥ್ಯಾಂಕ್ಸ್ ಸರ್. ಈಗ ಇರುವ ಸುಂಕ ಎಷ್ಟು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಸುಂಕದಕಟ್ಟೆ
ಒಪ್ಪಂದ ಇಲ್ಲದ ದೇಶದಿಂದ ಪೂರ್ತಿ ತಯಾರಾದ ಕಾರು ಬಂದರೆ, ಬೆಲೆ 40,000 ಡಾಲರ್ ಒಳಗಿದ್ದಾಗ ಶೇ. 70. ಅದಕ್ಕಿಂತ ಜಾಸ್ತಿ ಬೆಲೆಯದ್ದಕ್ಕೆ 2025ರ ಬಜೆಟ್‌ನಲ್ಲಿ ಮೂಲ ಸುಂಕ ಶೇ. 70ಕ್ಕೆ ಇಳಿಸಿದರು, ಆದರೆ ಕೃಷಿ ಸೆಸ್ ಅಂತ ಶೇ. 40 ಹಾಕಿದರು. ಒಟ್ಟು 110. ಪೇಪರಿನಲ್ಲಿ "ಸುಂಕ ಇಳಿಕೆ" ಅಂತ ಬಂತು, ನಮ್ಮ ಬಿಲ್ಲಿನಲ್ಲಿ ಏನೂ ಇಳಿಯಲಿಲ್ಲ.

ಬಿಡಿ ಬಿಡಿಯಾಗಿ ಪೆಟ್ಟಿಗೆಯಲ್ಲಿ ತಂದು ಇಲ್ಲಿ ಜೋಡಿಸಿದರೆ ಶೇ. 15. ಇಂಜಿನ್ನೋ ಗೇರ್‌ಬಾಕ್ಸೋ ಅಲ್ಲೇ ಜೋಡಿಸಿ ಬಂದಿದ್ದರೆ ಅದು ಶೇ. 35. ಹಾಗಾಗಿಯೇ ಮರ್ಸಿಡಿಸ್ ಪುಣೆ ಪಕ್ಕದ ಚಾಕಣಕ್ಕೆ ಬಂತು, ಬಿಎಂಡಬ್ಲ್ಯು ಚೆನ್ನೈಗೆ ಬಂತು. ಅವರನ್ನು ಎಳೆದು ತಂದಿದ್ದು ಪೂರ್ತಿ ಕಾರಿನ ಸುಂಕಕ್ಕೂ ಬಿಡಿಭಾಗದ ಸುಂಕಕ್ಕೂ ನಡುವಿನ ಅಂತರ.

ಅಂಬಾಸಿಡರ್_ಮಾವ
ಮಕ್ಕಳೇ, ನಾನು 74ರ ಮುದುಕ. ಈ ಸುಂಕದ ಕೋಟೆಯೊಳಗೆ ಅರ್ಧ ಆಯಸ್ಸು ಕಳೆದವನು. 1949ರಲ್ಲೇ ಹೊರಗಿನ ಪೂರ್ತಿ ಕಾರು ತರುವುದು ನಿಲ್ಲಿಸಿದರು. ಆಮೇಲೆ ಇಲ್ಲೇ ತಯಾರಿಸುವ ಯೋಜನೆ ಇಲ್ಲದ ಜೋಡಣೆ ಕಂಪನಿಗಳಿಗೂ ಜಾಗ ಇಲ್ಲ ಅಂದರು. ಜನರಲ್ ಮೋಟಾರ್ಸ್, ಫೋರ್ಡ್ ಆಗಲೇ ಒಂದು ಸಲ ಗಂಟುಮೂಟೆ ಕಟ್ಟಿದ್ದವು.

ನಮಗೆ ಉಳಿದಿದ್ದು ಏನು? ಅಂಬಾಸಿಡರ್, ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್. ಅಂಬಾಸಿಡರ್ ಅಂದರೆ ಇಂಗ್ಲೆಂಡಿನ ಹಳೇ ಮಾರಿಸ್ ಆಕ್ಸ್‌ಫರ್ಡ್. 50ರ ದಶಕದ ಆ ಮೈಕಟ್ಟನ್ನೇ ಎಳೆದು ಎಳೆದು 2014ರ ಮೇವರೆಗೆ ತಂದರು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಬಂದ ಗಾಡಿಯಲ್ಲಿ ಹಾರ್ನ್ ಬಿಟ್ಟು ಬೇರೆಲ್ಲ ಸದ್ದು ಮಾಡುತ್ತಿತ್ತು. ಹೊಸ ಗಾಡಿ ಮನೆಗೆ ತಂದ ವಾರದಲ್ಲೇ ಬಾಗಿಲು ಕುಳಿತು ನಾನೂ ನಮ್ಮ ಮೇಸ್ತ್ರಿಯೂ ಸೇರಿ ಎತ್ತಿ ಕೂರಿಸಿದ್ದೇವೆ. ಬೈದರೆ ಕೇಳುವವರು ಯಾರು? ಕೊಳ್ಳುವವರ ಸಾಲು ಹನುಮಂತನ ಬಾಲ.

ದೇಶದ ಉದ್ಯಮ ಕಾಯಲು ಹಾಕಿದ ಬೇಲಿ. ಬೇಲಿಯೇ ಎದ್ದು ಹೊಲ ಮೇಯಿತು.

ಪೀಣ್ಯ_ಲೇತ್
ಮಾವ, ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ತಕರಾರಿದೆ. ಸ್ವಲ್ಪ ಉದ್ದ ಆಗುತ್ತೆ, ಭಾನುವಾರ, ಮಷೀನ್ ನಿಂತಿದೆ, ಬರೆಯುತ್ತೇನೆ.

ಪೀಣ್ಯ ಎರಡನೇ ಹಂತದಲ್ಲಿ ನನ್ನದು ಸಣ್ಣ ಶಾಪ್. ಆರು ಸಿಎನ್‌ಸಿ (ಕಂಪ್ಯೂಟರ್ ಹೇಳಿದ ಹಾಗೆ ಕೊರೆಯುವ ಮಷೀನ್), ಎರಡು ಹಳೇ ಲೇತ್, ಹದಿನಾಲ್ಕು ಜನ. ಗೇರ್‌ಬಾಕ್ಸ್‌ಗೆ ಹೋಗುವ ಒಂದು ಸ್ಲೀವ್, ಬ್ರೇಕಿಗೆ ಹೋಗುವ ಎರಡು ಪಿನ್. ನನ್ನಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ, ಆಮೇಲೆ ಕಾರ್ ಕಂಪನಿಗೆ. ನಾನು ಮಾಡಿದ ಪಿನ್ ಯಾವ ಕಾರಿನಲ್ಲಿದೆ ಅಂತ ನನಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಆದರೆ ಕಾರ್ ಉದ್ಯಮ ಅಂದರೆ ಇದೇ. ಗೇಟಿನ ಮೇಲೆ ದೊಡ್ಡ ಬೋರ್ಡ್ ಇರುವ ಕಡೆ ನಡೆಯುವುದು ವೆಲ್ಡಿಂಗ್, ಪೇಂಟ್, ಜೋಡಣೆ. ಮಿಕ್ಕ ಸಾವಿರಾರು ಐಟಂ ನಮ್ಮಂಥವರ ಓಣಿಗಳಲ್ಲಿ ಹುಟ್ಟುತ್ತದೆ.

ಅಂಬಾಸಿಡರ್ ಕಾಲದ ಬೇಲಿಗೂ ಮಾರುತಿ ಕಾಲದ ಬೇಲಿಗೂ ವ್ಯತ್ಯಾಸ ಇದೆ ಮಾವ. ಮೊದಲನೆಯದು ಬರೀ ಬಾಗಿಲು ಹಾಕಿತು. ಒಳಗಿದ್ದವರಿಗೆ "ನೀವು ಏನಾದರೂ ಮಾಡಿ, ಕೊಳ್ಳುವವರು ಇದ್ದೇ ಇರುತ್ತಾರೆ" ಅಂದಿತು. 1983ರ ಡಿಸೆಂಬರ್ 14ಕ್ಕೆ ಮಾರುತಿ 800 ಬಂತಲ್ಲ, ಅದಕ್ಕೂ ಬೇಲಿ ಇತ್ತು. ಆದರೆ ಷರತ್ತೂ ಇತ್ತು. ಹಂತ ಹಂತವಾಗಿ ಬಿಡಿಭಾಗ ಇಲ್ಲೇ ಮಾಡಿಸಬೇಕು. ಸುಜುಕಿಯವರು ಡ್ರಾಯಿಂಗ್ ಕೊಟ್ಟರು, ಜಪಾನಿನ ಬಿಡಿಭಾಗದ ಕಂಪನಿಗಳನ್ನು ಕರೆತಂದು ಇಲ್ಲಿಯವರ ಜೊತೆ ಜೋಡಿ ಮಾಡಿಸಿದರು. ಮೈಕ್ರಾನ್ ಲೆಕ್ಕದಲ್ಲಿ ಅಳೆಯುವುದು, ರಿಜೆಕ್ಷನ್ ಯಾಕಾಯಿತು ಅಂತ ಬರೆದಿಡುವುದು, ನೆಲ ಗುಡಿಸುವುದು (ನಗಬೇಡಿ, ಅದೂ ಪಾಠವೇ), ಇದೆಲ್ಲ ವೆಂಡರ್‌ಗಳಿಗೆ (ಬಿಡಿಭಾಗ ಮಾಡಿಕೊಡುವವರಿಗೆ) ಬಂದಿದ್ದು ಆವಾಗ.

1997ರಲ್ಲೂ ಅದೇ ದಾರಿ ಹಿಡಿದರು. ಹೊರಗಿನ ಕಾರ್ ಕಂಪನಿ ಬಂದರೆ ಮೂರು ವರ್ಷದಲ್ಲಿ ಶೇ. 50, ಐದು ವರ್ಷದಲ್ಲಿ ಶೇ. 70 ಇಲ್ಲಿನ ಭಾಗ ಇರಬೇಕು, ಆಮದು ಮಾಡಿದಷ್ಟು ರಫ್ತೂ ಮಾಡಬೇಕು ಅಂತ ಸಹಿ ಹಾಕಿಸಿಕೊಂಡರು. ಅಮೆರಿಕ, ಯುರೋಪಿನವರು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟರು. 2001ರ ಕೊನೆಗೆ ತೀರ್ಪು ನಮ್ಮ ವಿರುದ್ಧ ಬಂತು. ಷರತ್ತು ಹೋಯಿತು. ಅಷ್ಟರಲ್ಲಿ ಬಿಡಿಭಾಗದವರು ಕಾಲೂರಿ ಆಗಿತ್ತು ಅನ್ನುವುದು ನಮ್ಮ ಪುಣ್ಯ. ಬಿಡದಿಯಲ್ಲೇ ನೋಡಿ, 1999ರ ಕೊನೆಗೆ ಟೊಯೋಟಾದ ಕ್ವಾಲಿಸ್ ಕಾರಿನ ಲೈನ್ ಶುರುವಾಯಿತು, ಕೆಲವೇ ವರ್ಷಕ್ಕೆ ಪಕ್ಕದ ಘಟಕದಿಂದ ಗೇರ್‌ಬಾಕ್ಸ್ ಹೊರದೇಶದ ಟೊಯೋಟಾಗಳಿಗೆ ಹೋಗಲು ಶುರುವಾಯಿತು. ಗೇರ್‌ಬಾಕ್ಸ್ ಎಂದರೆ ಸುಮ್ನೆ ಅಲ್ಲ. ಅದು ಮಾಡಿದವನು ಏನನ್ನಾದರೂ ಮಾಡಬಲ್ಲ.

ಹಾಗಾಗಿ ಲೋಕಲ್ ಅವರೇ, ಸುಂಕ ಎಷ್ಟು ಅನ್ನುವುದಕ್ಕಿಂತ ಬೇಲಿ ಒಳಗೆ ಏನು ಬೆಳೆಸಿದರು ಅಂತ ನೋಡಿ.

ಕೆಂಗೇರಿ_ಕಿಕ್ಕರ್
ಒಂದು ಸೇರಿಸುತ್ತೇನೆ: ಮಾರುತಿ ಗ್ರ್ಯಾಂಡ್ ವಿಟಾರಾ ತಯಾರಾಗಿದ್ದು ಬಿಡದಿಯ ಟೊಯೋಟಾದಲ್ಲಿ. ನಮ್ಮ ಭಾವ ಟೊಯೋಟಾ ಬೇಡ ಅಂತ ಹಟ ಮಾಡಿ ಮಾರುತಿ ತಗೊಂಡ. ಇನ್ನೂ ಯಾರೂ ಅವನಿಗೆ ಹೇಳಿಲ್ಲ 😄

ಧಾರವಾಡ_ಪೇಡೆ
ಪೀಣ್ಯದ ಅಣ್ಣಾರ ಮಾತು ಖರೇ, ಆದ್ರ ಒಂದು ಕಡೆ ಬಿಟ್ಟಾರ. ಔಟ್‌ಸೋರ್ಸಿಂಗ್ (ಕೆಲಸ ಹೊರಗಿನವರ ಕೈಗೆ ಕೊಡೋದು) ಅಂದ ಕೂಡಲೇ ಎಲ್ಲರೂ ಸಮುದ್ರದ ಆಚೆ ನೋಡ್ತೀರಿ. ನಮ್ಮ ಲೈನಿನ ಒಳಗೇ ನೋಡ್ರಿ.

ನಾನು ಐಟಿಐ ಫಿಟ್ಟರ್. ಒಂದು ವೆಂಡರ್ ಕಂಪನಿಯಲ್ಲಿ (ಹೆಸರು ಬೇಡ) ಮೂರು ವರ್ಷ ಇದ್ದೆ. ನನ್ನ ಎಡಕ್ಕೆ ಪರ್ಮನೆಂಟ್ ಅಣ್ಣ, ಬಲಕ್ಕೆ ಟ್ರೈನಿ ಹುಡುಗ, ನಡುವೆ ನಾನು ಕಾಂಟ್ರಾಕ್ಟು. ಮೂವರ ಕೈಯಲ್ಲೂ ಅದೇ ಟಾರ್ಕ್ ಗನ್. ಪರ್ಮನೆಂಟ್ ಅಣ್ಣನ ಪಗಾರದಲ್ಲಿ ಮೂರನೇ ಒಂದು ಭಾಗವೂ ನನಗೆ ಬರುತ್ತಿರಲಿಲ್ಲ. ಆರ್ಡರ್ ಜಾಸ್ತಿ ಆದರೆ ಓಟಿ ಮಾಡಿಸುತ್ತಿದ್ದರು. ಕಡಿಮೆಯಾದರೆ "ಸೋಮವಾರದಿಂದ ಬರಬೇಡ" ಅಂತ ಏಜೆನ್ಸಿಯವನ ಫೋನು. ಕಂಪನಿಗೆ ನನ್ನ ಮುಖವೇ ಗೊತ್ತಿಲ್ಲ.

ಹೊರಗಿನ ಕಾರಿಗೆ ಶೇ. 110 ಬೇಲಿ ಹಾಕಿದ್ದು ನಮ್ಮ ಕೆಲಸ ಉಳಿಸಲಿಕ್ಕೆ ಅಂತಾರಲ್ಲ, ಆ ಬೇಲಿಯಲ್ಲಿ ನನಗೆ ಬಂದಿದ್ದು ಎಷ್ಟು? ಕೊಳ್ಳುವವರು ಜಾಸ್ತಿ ದುಡ್ಡು ಕೊಟ್ಟರು, ಕಂಪನಿಗೆ ಲಾಭ ಬಂತು, ನನಗೆ ಏಜೆನ್ಸಿ ಚೀಟಿ.

ಪೀಣ್ಯ_ಲೇತ್
ಪೇಡೆ ಅವರೇ, ನಿಜ. ನಾನೂ ಕಾಂಟ್ರಾಕ್ಟ್ ಮೇಲೆ ನಾಲ್ಕು ಜನರನ್ನು ಇಟ್ಟುಕೊಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಮೇಲಿನವರು ಪ್ರತಿ ವರ್ಷ ರೇಟ್ ಇಳಿಸಿ ಅನ್ನುತ್ತಾರೆ. ಸ್ಟೀಲ್ ಏರಿದ್ದು, ಕರೆಂಟ್ ಏರಿದ್ದು ಅವರಿಗೆ ಬೇಡ. ಒಂದು ಲಾಟ್‌ನಲ್ಲಿ ಎರಡು ಪೀಸ್ ಓವರ್‌ಸೈಜ್ ಬಂದರೆ ಪೂರ್ತಿ ಲಾಟ್‌ಗೆ ಡೆಬಿಟ್ ನೋಟ್, ಅಂದರೆ ದುಡ್ಡು ಕಟ್. ದುಡ್ಡು ಬರುವುದು 90 ದಿನಕ್ಕೆ, ಸಂಬಳ ಕೊಡುವುದು 7ನೇ ತಾರೀಖು. ನಾನು ಎಲ್ಲಿ ಹಿಂಡಲಿ ಹೇಳಿ? ಇದು ಸಮರ್ಥನೆ ಅಲ್ಲ. ಹೇಗೆ ನಡೆಯುತ್ತೆ ಅಂತ ಹೇಳಿದೆ ಅಷ್ಟೇ.

ಬೇಲಿ ಎಲ್ಲಿ ಹಾಕುತ್ತಾರೆ ಅನ್ನುವುದೂ ಮುಖ್ಯ. 2025ರ ಏಪ್ರಿಲ್‌ನಲ್ಲಿ ಹೊರಗಿಂದ ಬರುವ ಸ್ಟೀಲ್ ಶೀಟಿಗೆ ಶೇ. 12 ರಕ್ಷಣಾ ಸುಂಕ ಹಾಕಿದರು. ಸ್ಟೀಲ್ ಕಂಪನಿಗಳಿಗೆ ಹಬ್ಬ. ನನ್ನ ಪಕ್ಕದ ಪ್ರೆಸ್ ಶಾಪ್‌ನವರು ತಲೆ ಮೇಲೆ ಕೈ ಹೊತ್ತು ಕೂತರು. ಕಾರಿಗೆ ಬೇಲಿ ಹಾಕಿದರೆ ಅವರಿಗೆ ಕೆಲಸ, ಶೀಟಿಗೆ ಬೇಲಿ ಹಾಕಿದರೆ ಅವರ ಕೆಲಸಕ್ಕೇ ಕತ್ತರಿ. ದೊಡ್ಡವರು ದಿಲ್ಲಿಗೆ ಹೋಗಿ ಅಹವಾಲು ಕೊಡಬಲ್ಲರು. ಪ್ರೆಸ್ ಶಾಪ್‌ನವರು ಎಲ್ಲಿಗೆ ಹೋಗಬೇಕು?

ಮಿಶಿಗನ್_ಚಳಿ
ಡೆಟ್ರಾಯಿಟ್ ಪಕ್ಕದ ಊರಿಂದ ಬರೆಯುತ್ತಿದ್ದೇನೆ. ಊರು ತುಮಕೂರು, ಇಲ್ಲಿಗೆ ಬಂದು ಹನ್ನೊಂದು ವರ್ಷ. ಇಲ್ಲಿಯೂ ಇದೇ ಮಾತು, ಬರೀ ತಿರುಗಿಸಿ ಹಾಕಿದ ಹಾಗಿದೆ.

2025ರ ಏಪ್ರಿಲ್ 3ರಿಂದ ಹೊರಗಿನ ಕಾರಿಗೆ ಶೇ. 25, ಅದಾಗಿ ಒಂದು ತಿಂಗಳಾದ ಮೇಲೆ ಬಿಡಿಭಾಗಕ್ಕೂ ಶೇ. 25. ಒಂದೊಂದು ದೇಶ ಮಾತಾಡಿಕೊಂಡ ಮೇಲೆ ಕೆಲವರಿಗೆ ಕಡಿಮೆ ಮಾಡಿದರು. ಇಲ್ಲಿ ನದಿಯ ಆಚೆ ದಡ ಕೆನಡಾ. ಒಂದೇ ಭಾಗ ಜೋಡಣೆ ಮುಗಿಯುವಷ್ಟರಲ್ಲಿ ಗಡಿಯನ್ನು ಹಲವು ಸಲ ದಾಟುತ್ತೆ. "ಅಮೆರಿಕದ ಕಾರು" ಯಾವುದು ಅಂತ ಕೇಳಿದರೆ ನಮ್ಮ ಆಫೀಸಿನವರಿಗೇ ಗಲಿಬಿಲಿ.

ಅಮೆರಿಕದವರು ಇದನ್ನು ಹಿಂದೆಯೂ ಮಾಡಿದ್ದರು. 1981ರಲ್ಲಿ ಜಪಾನಿನವರಿಗೆ ಒತ್ತಡ ಹಾಕಿ ವರ್ಷಕ್ಕೆ 16.8 ಲಕ್ಷ ಕಾರು ಮಾತ್ರ ಕಳಿಸಿ ಅಂದರು. ಜಪಾನಿನವರು ಏನು ಮಾಡಿದರು? ಎಣಿಕೆಗೆ ತಾನೇ ಮಿತಿ, ಬೆಲೆಗೆ ಅಲ್ಲವಲ್ಲ. ಚಿಕ್ಕ ಅಗ್ಗದ ಕಾರಿನ ಬದಲು ದೊಡ್ಡ ದುಬಾರಿ ಕಾರು ಕಳಿಸಿದರು. ಜೊತೆಗೆ ಇಲ್ಲೇ ಬಂದು ಕೂತರು. ಹೋಂಡಾ 1982ರಲ್ಲಿ ಒಹಾಯೋದಲ್ಲಿ ಕಾರು ಮಾಡಲು ಶುರು ಮಾಡಿತು, ಟೊಯೋಟಾ 1988ರಲ್ಲಿ ಕೆಂಟಕಿಯಲ್ಲಿ. ಯಾರನ್ನು ಹೊರಗಿಡಬೇಕು ಅಂತ ಗೋಡೆ ಕಟ್ಟಿದರೋ ಅವರು ಒಳಗೇ ಮನೆ ಕಟ್ಟಿದರು. ಕೆಲಸವೇನೋ ಹುಟ್ಟಿತು. ಆದರೆ ಡೆಟ್ರಾಯಿಟ್‌ನಲ್ಲಿ ಅಲ್ಲ.

ಇನ್ನೊಂದು, ಹೇಳಲು ಸ್ವಲ್ಪ ಸಂಕೋಚ. ಬೆಳಗ್ಗೆ ಏಳಕ್ಕೆ ನನಗೆ ಬೆಂಗಳೂರಿನ ಜೊತೆ ಮೀಟಿಂಗ್. ಆ ಕೆಲಸ ಎರಡು ವರ್ಷದ ಹಿಂದೆ ಮಾಡುತ್ತಿದ್ದವನು ನನ್ನ ಪಕ್ಕದ ಟೇಬಲ್‌ನ ಹಿರಿಯ. ಅವನನ್ನು ಮನೆಗೆ ಕಳಿಸಿದರು. ಹೋಗುವ ದಿನ ನನಗೆ ಅವನ ಕಾಫಿ ಕಪ್ ಕೊಟ್ಟು ಹೋದ. ಕೋಪ ತೋರಿಸಲಿಲ್ಲ. ತೋರಿಸಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತೆ.

ಕೋಡ್_ಕುಟ್ಟುವವ
ಆ ಮೀಟಿಂಗ್‌ನ ಈ ಕಡೆ ತುದಿಯಲ್ಲಿ ನನ್ನಂಥವನು ಕೂತಿರುತ್ತಾನೆ. ನಮಗೆ ಅದು ಸಂಜೆ.

ಮರ್ಸಿಡಿಸ್‌ನವರು 1996ರಲ್ಲೇ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆದರು. ಈಗ ಜರ್ಮನಿಯ ಹೊರಗೆ ಅವರ ಅತಿ ದೊಡ್ಡ ಕೇಂದ್ರ ಅದು. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದು ನಿಲ್ಲಿಸಿತು. ಬೆಂಗಳೂರಿನ ತಾಂತ್ರಿಕ ಕೇಂದ್ರ ಮಾತ್ರ ಮುಚ್ಚಲಿಲ್ಲ. ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡುವುದು ಬಿಡುತ್ತೇವೆ ಅಂತ ಹೇಳಿತು, ಗುಜರಾತಿನ ಸಾಣಂದ್ ಘಟಕ ಟಾಟಾಗೆ ಮಾರಿತು, ಚೆನ್ನೈ ಆಫೀಸು ಹಾಗೇ ಇದೆ. ಶೇ. 110 ಬೇಲಿಯ ಒಳಗೆ ಇದ್ದುಕೊಂಡೇ ಕಾರು ಮಾರಲು ಆಗದೆ ಹೋದವರು, ಬೇಲಿಯೇ ಇಲ್ಲದ ಕೆಲಸಕ್ಕೆ ಇಲ್ಲೇ ಉಳಿದರು. ಬ್ರೇಕಿನ ಪಿನ್ ಹಡಗಲ್ಲಿ ಹೋದರೆ ಸುಂಕದಕಟ್ಟೆ ಸರ್ ಅಂಥವರು ಹಿಡಿದು ಲೆಕ್ಕ ಹಾಕುತ್ತಾರೆ. ಬ್ರೇಕಿನ ಕೋಡ್ ವೈರಲ್ಲಿ ಹೋದರೆ ಯಾರೂ ಕೇಳುವುದಿಲ್ಲ.

ಸುಂಕದಕಟ್ಟೆ
ಸುಮ್ನೆ ಬಿಟ್ಟಿಲ್ಲ ಗುರು. ವೈರಲ್ಲಿ ಹೋಗುವುದಕ್ಕೆ ಕಸ್ಟಮ್ಸ್ ಸುಂಕ ಹಾಕಬಾರದು ಅಂತ ದೇಶಗಳು 1998ರಲ್ಲಿ ಒಪ್ಪಿಕೊಂಡು, ಆಮೇಲೆ ಆ ಮಾತನ್ನೇ ಮತ್ತೆ ಮತ್ತೆ ಮುಂದುವರಿಸುತ್ತಾ ಬಂದವು. ತಮಾಷೆ ಅಂದರೆ ಅದಕ್ಕೆ ಗೊಣಗುವವರಲ್ಲಿ ಭಾರತವೂ ಒಂದು.

ಅಂಬಾಸಿಡರ್_ಮಾವ
ಕೋಡ್ ಹುಡುಗ ಹೇಳಿದ್ದಕ್ಕೆ ನೆನಪಾಯಿತು. ನಮ್ಮ ಅಣ್ಣ ಆಡುಗೋಡಿಯ ಮೈಕೋದಲ್ಲಿದ್ದ. 1951ರಲ್ಲಿ ಶುರುವಾದ ಕಂಪನಿ, ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು. ಮೈಕೋ ಕೆಲಸ ಅಂದರೆ ಆಗ ಹೆಣ್ಣು ಕೊಡುವವರು ಮನೆ ಬಾಗಿಲಿಗೆ ಬರುತ್ತಿದ್ದರು. ಮೈಕೋ ಲೇಔಟ್ ಅಂತ ಬಡಾವಣೆಯೇ ಆಯಿತಲ್ಲ. ಶಿಫ್ಟ್ ಬಿಟ್ಟಾಗ ಹೊಸೂರು ರಸ್ತೆ ತುಂಬಾ ಸೈಕಲ್ಲು.

ಈಗ ಆ ಕಂಪನಿ ಹೆಸರು ಬಾಷ್. ಆಡುಗೋಡಿಯ ಮಷೀನುಗಳು ಬಿಡದಿಗೆ ಹೋದವು. ಆ ಜಾಗದಲ್ಲಿ ಗಾಜಿನ ಕ್ಯಾಂಪಸ್ ಎದ್ದು 2022ರಲ್ಲಿ ಉದ್ಘಾಟನೆ ಆಯಿತು. ಮೊನ್ನೆ ಆ ದಾರಿಯಲ್ಲಿ ಹೋದೆ. ಎಣ್ಣೆ ವಾಸನೆ ಇಲ್ಲ. ಹುಡುಗ ಹುಡುಗಿಯರು ಕೊರಳಿಗೆ ಟ್ಯಾಗ್ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಕೆಲಸ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಣ್ಣನಂಥ ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಆ ಗೇಟಿನ ಒಳಗೆ ಈಗ ಯಾವ ಕೆಲಸ? ಸೆಕ್ಯುರಿಟಿ. ಅದೂ ಏಜೆನ್ಸಿ ಮೇಲೆ.

ಆಲ್ಟೋನಾ_ಆಂಟಿ
ಮೆಲ್ಬರ್ನ್‌ನಿಂದ. ಬೇಲಿ ಬೈಯುವವರಿಗೆ ಒಂದು ಮಾತು. ಆಸ್ಟ್ರೇಲಿಯಾದಲ್ಲಿ 80ರ ದಶಕದಲ್ಲಿ ಕಾರಿಗೆ ಶೇ. 57.5 ಸುಂಕ ಇತ್ತು. ಇಳಿಸುತ್ತಾ ಇಳಿಸುತ್ತಾ 2010ಕ್ಕೆ ಶೇ. 5 ಮಾಡಿದರು. 2016ರಲ್ಲಿ ಫೋರ್ಡ್ ಕಾರು ಮಾಡುವುದು ನಿಲ್ಲಿಸಿತು. 2017ರ ಅಕ್ಟೋಬರ್ 3ಕ್ಕೆ ನಮ್ಮ ಆಲ್ಟೋನಾದ ಟೊಯೋಟಾ ಲೈನ್ ನಿಂತಿತು, ಅದೇ ತಿಂಗಳು 20ಕ್ಕೆ ಅಡಿಲೇಡ್ ಕಡೆಯ ಹೋಲ್ಡನ್. ಅಲ್ಲಿಗೆ ದೇಶದಲ್ಲಿ ಕಾರು ಮಾಡುವುದೇ ಮುಗಿಯಿತು. ಆಸ್ಟ್ರೇಲಿಯಾ ಡಾಲರ್ ಬೆಲೆ ಏರಿದ್ದು, ಮಾರುಕಟ್ಟೆ ಚಿಕ್ಕದಾಗಿದ್ದು, ಎಲ್ಲವೂ ಕಾರಣ. ಒಂದೇ ಸುಂಕವನ್ನು ದೂರುವುದಿಲ್ಲ. ನಮ್ಮ ಪಕ್ಕದ ಮನೆಯವರು 26 ವರ್ಷ ಪೇಂಟ್ ಶಾಪ್‌ನಲ್ಲಿದ್ದವರು. ಈಗ ಶಾಲೆ ಬಸ್ ಓಡಿಸುತ್ತಾರೆ. ಕಾರು ಅಗ್ಗವಾಯಿತು ಅನ್ನುವುದೂ ನಿಜ, ನಾನೂ ಕೊಂಡಿದ್ದೇನೆ.

ಮಿಶಿಗನ್_ಚಳಿ
ಆಂಟಿ, ಆಸ್ಟ್ರೇಲಿಯಾ ಮಾರುಕಟ್ಟೆ ಚಿಕ್ಕದು. ಭಾರತಕ್ಕೆ ಆ ಭಯ ಇಲ್ಲ. ಇಷ್ಟು ದೊಡ್ಡ ಮಾರುಕಟ್ಟೆ ಬಿಟ್ಟು ಯಾರು ಹೋಗುತ್ತಾರೆ?

ಆಲ್ಟೋನಾ_ಆಂಟಿ
ಫೋರ್ಡ್ ಹೋಯಿತಲ್ಲಪ್ಪ, ಮೇಲೆ ಕೋಡ್ ಹುಡುಗ ಬರೆದಿದ್ದಾನೆ ಓದು.

ಕೆಂಗೇರಿ_ಕಿಕ್ಕರ್
ಆಂಟಿ 1, ಮಿಶಿಗನ್ 0.

ವೇದಿಕೆ_ನಿರ್ವಾಹಕ
ಚೀನಾ ಕಾರು ಬಗ್ಗೆ ಬಂದ ಮೂರು ಕಾಮೆಂಟ್ ತೆಗೆದಿದ್ದೇನೆ. ಬೈಗುಳ ಬೇಡ, ವಿಷಯ ಬರೆಯಿರಿ.

ಕೋಡ್_ಕುಟ್ಟುವವ
ವಿಷಯವೇ ಬರೆಯುತ್ತೇನೆ. 2025ರ ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ಮ್ಯಾಗ್ನೆಟ್ ರಫ್ತಿಗೆ ಕಡಿವಾಣ ಹಾಕಿತು. ಹೆಚ್ಚಿನ ಎಲೆಕ್ಟ್ರಿಕ್ ಕಾರುಗಳ ಮೋಟಾರಿಗೆ ಅದು ಬೇಕು. ನಮ್ಮ ಬೇಲಿ ಎಷ್ಟು ಎತ್ತರ ಇದ್ದರೇನು, ಒಳಗೆ ಬರಬೇಕಾದ್ದೇ ಬರಲಿಲ್ಲ. ಅಂಗೈ ಅಗಲದ ಮ್ಯಾಗ್ನೆಟ್‌ಗೆ ಎಷ್ಟೋ ದೇಶಗಳ ಕಾರ್ ಕಂಪನಿಗಳು ಪರದಾಡಿದವು.

ಇದರಲ್ಲಿ ಬೆಂಗಳೂರಿನವರಿಗೆ ಹೊಟ್ಟೆ ಉರಿಯುವ ಕತೆ ಇದೆ. ರೇವಾ. 2001ರಲ್ಲೇ ಬೆಂಗಳೂರಿನವರು ಎಲೆಕ್ಟ್ರಿಕ್ ಕಾರು ಮಾಡಿ ಬೀದಿಗಿಳಿಸಿದ್ದರು. ಬ್ರಿಟನ್‌ಗೆ ರಫ್ತು ಮಾಡಿದರು, ಅಲ್ಲಿ ಜಿ-ವಿಜ್ ಅಂತ ಲಂಡನ್ ರಸ್ತೆಯಲ್ಲಿ ಓಡಿತು. ಇಲ್ಲಿ ನಾವು ಆಟದ ಸಾಮಾನು ಅಂತ ನಕ್ಕೆವು. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲನ್ನು ಮಹೀಂದ್ರಾಗೆ ಮಾರಿದರು. ಅಂಬಾಸಿಡರ್‌ಗೆ ಕೊಟ್ಟ ಆಸರೆಯಲ್ಲಿ ನೂರಕ್ಕೆ ಒಂದು ಪಾಲು ಅದಕ್ಕೆ ಸಿಕ್ಕಿದ್ದರೆ?

ಅಂಬಾಸಿಡರ್_ಮಾವ
ನಾನೂ ನಕ್ಕವನೇ. ಎಂ.ಜಿ. ರಸ್ತೆಯಲ್ಲಿ ಒಂದು ನಿಂತಿತ್ತು, ನಾಲ್ಕು ಜನ ಎತ್ತಿ ಪಕ್ಕಕ್ಕೆ ಇಡಬಹುದು ಅಂದಿದ್ದೆ.

ರಾಮನಗರ_ಲೋಕಲ್
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಸುಂಕದಕಟ್ಟೆ ಸರ್ ಬರೆದಿದ್ದು ಓದಿ ಹೇಳಿದೆ. "ಕೋಟಿ ಕಾರಿಗಾ? ಹಾಗಾದರೆ ನಮಗೇನು" ಅಂದರು. ಆ ಜಗಳ ಮುಗಿಯಿತು. ಟೊಯೋಟಾದವರು 2023ರ ನವೆಂಬರ್‌ನಲ್ಲಿ ಬಿಡದಿಯ ಮೂರನೇ ಘಟಕಕ್ಕೆ 3,300 ಕೋಟಿ ಹಾಕುತ್ತೇವೆ ಅಂತ ಸರ್ಕಾರದ ಜೊತೆ ಸಹಿ ಮಾಡಿದ್ದನ್ನೂ ತೋರಿಸಿದೆ.

ತಮ್ಮನ ಕತೆ ಹಾಗೇ ಇದೆ. ಪೇಡೆ ಅವರದ್ದು ಓದಿ ಇನ್ನೂ ಹೆದರಿದ್ದಾನೆ. ಕಾಂಟ್ರಾಕ್ಟ್ ಹುಡುಗ ಆಗುವ ಬದಲು ಕೋಡ್ ಕಲಿಯುತ್ತೇನೆ ಅನ್ನುತ್ತಾನೆ.

ಧಾರವಾಡ_ಪೇಡೆ
ಹೆದರಬ್ಯಾಡ ಅಂತ ಹೇಳ್ರಿ. ನಾನು ಈಗ ಡೈ (ಲೋಹಕ್ಕ ಆಕಾರ ಕೊಡೋ ಅಚ್ಚು) ಮೇಂಟೆನೆನ್ಸ್ ಕಲಿತೇನಿ. ಟಾರ್ಕ್ ಗನ್ ಹಿಡಿಯೋನು ನಾಳೆ ಇನ್ನೊಬ್ಬ ಸಿಗ್ತಾನ. ಡೈ ಒಡೆದಾಗ ರಿಪೇರಿ ಮಾಡೋನು ಸಿಗೋದಿಲ್ಲ. ಈಗ ಏಜೆನ್ಸಿಯವನು "ಸರ್" ಅಂತಾನ.

ಕೋಡ್_ಕುಟ್ಟುವವ
ನಮ್ಮ ಕಡೆಯೂ ಸ್ವರ್ಗ ಅಲ್ಲ ಅಂತ ಹೇಳಿ. ಮಿಶಿಗನ್‌ನಿಂದ ಬೆಂಗಳೂರಿಗೆ ಬಂದ ಕೆಲಸ ಬೆಂಗಳೂರಲ್ಲೇ ಇರಬೇಕು ಅಂತ ಎಲ್ಲೂ ಬರೆದಿಲ್ಲ. ನಮ್ಮ ಟೀಮಲ್ಲಿ ಎಲ್ಲರಿಗಿಂತ ಗಟ್ಟಿ ಇರುವವನು ಮೊದಲು ನಾಲ್ಕು ವರ್ಷ ಶಾಪ್ ಫ್ಲೋರ್‌ನಲ್ಲಿದ್ದವನು. ಬ್ರೇಕು ಕೈಯಲ್ಲಿ ಬಿಚ್ಚಿ ನೋಡಿದ್ದಾನೆ.

ಪೀಣ್ಯ_ಲೇತ್
ಲೋಕಲ್ ಅವರೇ, ತಮ್ಮನಿಗೆ ಜಿಟಿಟಿಸಿಯ (ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಕೋರ್ಸುಗಳ ವಿಚಾರ ತಿಳಿದುಕೊಳ್ಳಲು ಹೇಳಿ. ಅದಕ್ಕೂ ಮೊದಲು, ರಜೆ ಇದ್ದರೆ ಒಂದು ತಿಂಗಳು ನನ್ನ ಶಾಪ್‌ಗೆ ಕಳಿಸಿ. ಸ್ಟೈಪೆಂಡ್ ಕೊಡುತ್ತೇನೆ, ಜಾಸ್ತಿ ಅಲ್ಲ. ಮೊದಲ ವಾರ ಬರೀ ವರ್ನಿಯರ್ ಹಿಡಿದು ಅಳೆಯುವುದು, ಬೇಜಾರಾಗುತ್ತೆ ಅಂತ ಈಗಲೇ ಹೇಳಿಡಿ. ಅಡ್ರೆಸ್ ಮೆಸೇಜಲ್ಲಿ ಹಾಕುತ್ತೇನೆ.

ಸೇಫ್ಟಿ ಶೂ ಇಲ್ಲದೆ ಬಂದರೆ ಒಳಗೆ ಬಿಡುವುದಿಲ್ಲ. ಚಪ್ಪಲಿ ಹಾಕಿಕೊಂಡು ಬಂದ ಕಳೆದ ಹುಡುಗ ಮೂರು ದಿನ ಗೇಟಲ್ಲೇ ಕೂತಿದ್ದ.

ರಾಮನಗರ_ಲೋಕಲ್
ಸೋಮವಾರ ಬರುತ್ತಾನೆ ಸರ್. ಶೂ ಸೈಜ್ 9, ಇವತ್ತೇ ಸಂಜೆ ತರುತ್ತೇನೆ.